ಇಂಜಿನಿಯರಿಂಗ್‌ನಲ್ಲಿ ಮುಂದಿನ ವರ್ಷಕ್ಕೆ ಹೋಗುವುದು ಹೇಗೆ: ಬಳ್ಳಾರಿ, ರಾಯಚೂರು, ಕೊಪ್ಪಳದ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಸಿಇಟಿ ಬರೆದು ಸೀಟು ಸಿಕ್ಕಿತು ಅಂದರೆ ನಾಲ್ಕು ವರ್ಷಕ್ಕೆ ಡಿಗ್ರಿ ಬಂದೇ ಬರುತ್ತದೆ ಎಂದು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ನಂಬಿರುತ್ತಾರೆ. ಆದರೆ ಪ್ರತಿ ವರ್ಷ ಮುಗಿದಾಗಲೂ ಮುಂದಿನ ವರ್ಷಕ್ಕೆ ಹೋಗಲು ನೀವು ಅರ್ಹರಾ ಎಂದು ವಿಶ್ವವಿದ್ಯಾಲಯ ಲೆಕ್ಕ ಹಾಕುತ್ತದೆ. ಲೆಕ್ಕ ತಪ್ಪಿದರೆ 'ಇಯರ್ ಬ್ಯಾಕ್'. ಒಂದು ವರ್ಷ ಮನೆಯಲ್ಲಿ ಕೂರಬೇಕು, ಜೂನಿಯರ್‌ಗಳ ಜೊತೆ ಮತ್ತೆ ಸೇರಬೇಕು. ನನಗೆ ಬೇಸರ ಆಗುವುದು ಯಾವಾಗ ಗೊತ್ತಾ? ಓದಲು ಆಗದೆ ಕೂತವರಿಗಿಂತ, ನಿಯಮ ಗೊತ್ತಿಲ್ಲದೆ ಕೂತವರನ್ನು ನೋಡಿದಾಗ. ಒಂದೇ ಒಂದು ವಿಷಯವನ್ನು ಮೊದಲೇ ಮುಗಿಸಿದ್ದರೆ ಅವರ ವರ್ಷ ಉಳಿಯುತ್ತಿತ್ತು.

ಅದಕ್ಕೇ ಇಲ್ಲಿ ಲೆಕ್ಕವನ್ನು ಬಿಡಿಸಿ ಹೇಳಿದ್ದೇನೆ. ಮನೆಯಲ್ಲಿ ಮೊದಲ ಸಲ ಇಂಜಿನಿಯರಿಂಗ್ ಓದುತ್ತಿರುವವರು, ಕನ್ನಡ ಮಾಧ್ಯಮದಿಂದ ಬಂದವರು, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರುವವರು ನಿಧಾನವಾಗಿ ಓದಿ. ಪಕ್ಕದಲ್ಲಿ ಒಂದು ಪೆನ್ನು, ಹಾಳೆ ಇರಲಿ.

ಹಂತ 1: ನಿಮಗೆ ಯಾರ ನಿಯಮ, ಯಾವ ಸ್ಕೀಮ್?

ಬಳ್ಳಾರಿಯ ಆರ್‌ವೈಎಂಇಸಿ, ಬಿಐಟಿಎಂ, ರಾಯಚೂರಿನ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, ನವೋದಯ, ಎಸ್‌ಎಲ್‌ಎನ್, ಕೊಪ್ಪಳ ಜಿಲ್ಲೆಯ ಗಂಗಾವತಿ ಮತ್ತು ತಳಕಲ್‌ನ ಸರ್ಕಾರಿ ಕಾಲೇಜುಗಳು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ, ಅಂದರೆ ವಿಟಿಯುಗೆ ಸೇರಿದವು. ನಮ್ಮ ಮೂರೂ ಜಿಲ್ಲೆಗಳು ಅದರ ಕಲಬುರಗಿ ವಲಯದಲ್ಲಿ ಬರುತ್ತವೆ. ನಿಮ್ಮ ಯುಎಸ್‌ಎನ್ (ವಿಶ್ವವಿದ್ಯಾಲಯ ಕೊಡುವ ವಿದ್ಯಾರ್ಥಿ ಸಂಖ್ಯೆ) 3ರಿಂದ ಶುರುವಾಗುವುದು ಇದೇ ಕಾರಣಕ್ಕೆ. ನಂತರ ಕಾಲೇಜಿನ ಎರಡು ಅಕ್ಷರ, ಸೇರಿದ ವರ್ಷದ ಎರಡು ಅಂಕಿ, ಬ್ರಾಂಚಿನ ಎರಡು ಅಕ್ಷರ, ಕೊನೆಗೆ ನಿಮ್ಮ ಸಂಖ್ಯೆ. ಡಿಪ್ಲೊಮಾದಿಂದ ಬಂದವರ ಸಂಖ್ಯೆ 400ರ ಸಾಲಿನಲ್ಲಿರುತ್ತದೆ.

ವಿಟಿಯು ಕೆಲವು ವರ್ಷಕ್ಕೊಮ್ಮೆ ಸ್ಕೀಮ್, ಅಂದರೆ ಪಠ್ಯಕ್ರಮ ಮತ್ತು ಪರೀಕ್ಷೆಯ ನಿಯಮಗಳ ಚೌಕಟ್ಟು, ಬದಲಿಸುತ್ತದೆ. 2018, 2021, 2022 ಹೀಗೆ. ನಿಮ್ಮ ಅಣ್ಣನೋ ಪಕ್ಕದ ಮನೆಯ ಅಕ್ಕನೋ ಹೇಳುವ ನಿಯಮ ಅವರ ಸ್ಕೀಮಿನದ್ದು. ನಿಮ್ಮದು ಬೇರೆ ಇರಬಹುದು. ಕಾಲೇಜು ಸೇರಿದ ಮೊದಲ ವಾರದಲ್ಲೇ ವಿಟಿಯು ವೆಬ್‌ಸೈಟಿನಿಂದ ನಿಮ್ಮ ಸ್ಕೀಮಿನ ನಿಯಮಾವಳಿ ಇಳಿಸಿಕೊಳ್ಳಿ. ಅದರಲ್ಲಿ 'ವರ್ಟಿಕಲ್ ಪ್ರೋಗ್ರೆಷನ್' ಎಂಬ ಭಾಗ ಇರುತ್ತದೆ. ಮುಂದಿನ ವರ್ಷಕ್ಕೆ ಹೋಗುವ ಮಾತೆಲ್ಲ ಅಲ್ಲೇ ಇದೆ. ಹೆಚ್ಚೆಂದರೆ ಒಂದೆರಡು ಪುಟ. ಅದನ್ನು ಪ್ರಿಂಟ್ ತೆಗೆಸಿ ಇಟ್ಟುಕೊಳ್ಳಿ.

ಕಾಲೇಜು ಸ್ವಾಯತ್ತವಾಗಿದ್ದರೆ ಅದರದ್ದೇ ನಿಯಮ ಪುಸ್ತಕ ಇರುತ್ತದೆ, ಅದನ್ನೇ ನೋಡಬೇಕು. ರಾಯಚೂರಿನ ಐಐಐಟಿ ಮತ್ತು ಕೃಷಿ ವಿಶ್ವವಿದ್ಯಾಲಯದ ಕೃಷಿ ಇಂಜಿನಿಯರಿಂಗ್ ಕಾಲೇಜು ವಿಟಿಯು ಕೆಳಗೆ ಬರುವುದಿಲ್ಲ. ಅಲ್ಲಿ ಓದುವವರಿಗೆ ಈ ಲೇಖನದ ಅಂಕಿಗಳು ಅನ್ವಯಿಸುವುದಿಲ್ಲ.

ಹಂತ 2: ಹಾಜರಾತಿ

ಪರೀಕ್ಷೆಗಿಂತ ಮುಂಚೆ ನಿಮ್ಮನ್ನು ತಡೆಯುವುದು ಇದು. ಪ್ರತಿ ವಿಷಯದಲ್ಲೂ 85 ಶೇಕಡ ಹಾಜರಾತಿ ಬೇಕು. ಅನಾರೋಗ್ಯದಂಥ ಸರಿಯಾದ ಕಾರಣ ಇದ್ದು, ದಾಖಲೆ ಕೊಟ್ಟು, ಪ್ರಿನ್ಸಿಪಾಲರು ಶಿಫಾರಸು ಮಾಡಿದರೆ 10 ಶೇಕಡದವರೆಗೆ ಮಾಫಿ ಸಿಗಬಹುದು. ಅಂದರೆ 75ಕ್ಕಿಂತ ಕೆಳಗೆ ಹೋದರೆ ಯಾರೂ ಏನೂ ಮಾಡಲು ಬರುವುದಿಲ್ಲ. ಶಾರ್ಟೇಜ್ ಆದ ವಿಷಯದ ಸೆಮಿಸ್ಟರ್ ಪರೀಕ್ಷೆಗೆ ಕೂರಿಸುವುದಿಲ್ಲ.

ಒಂದು ವಿಷಯಕ್ಕೆ 40 ಕ್ಲಾಸ್ ನಡೆದರೆ ನೀವು 34ರಲ್ಲಿ ಇರಬೇಕು. ತಪ್ಪಿಸಬಹುದಾದದ್ದು 6 ಮಾತ್ರ. ಸಿರುಗುಪ್ಪದಿಂದ ಬಳ್ಳಾರಿಗೆ, ಮಾನ್ವಿಯಿಂದ ರಾಯಚೂರಿಗೆ ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಮೊದಲ ಪೀರಿಯಡ್ ತಪ್ಪುವುದು ಸಾಮಾನ್ಯ. ಕಷ್ಟ ಏನೆಂದರೆ, ಟೈಮ್‌ಟೇಬಲ್‌ನಲ್ಲಿ ಮೊದಲ ಪೀರಿಯಡ್‌ಗೆ ಒಂದೇ ವಿಷಯ ಮತ್ತೆ ಮತ್ತೆ ಬರುತ್ತಿದ್ದರೆ ಹೊಡೆತ ಎಲ್ಲಾ ಅದೊಂದಕ್ಕೇ ಬೀಳುತ್ತದೆ. ಒಟ್ಟು ಹಾಜರಾತಿ 88 ಇದ್ದರೂ ಆ ಒಂದು ವಿಷಯದಲ್ಲಿ 70 ಇರಬಹುದು. ಹಾಗಾಗಿ ಒಟ್ಟು ನೋಡಬೇಡಿ, ವಿಷಯವಾರು ನೋಡಿ. ತಿಂಗಳಿಗೊಮ್ಮೆ ಡಿಪಾರ್ಟ್‌ಮೆಂಟಿನಲ್ಲಿ ಕೇಳಿ ಬರೆದುಕೊಳ್ಳಿ.

ಭತ್ತದ ನಾಟಿ, ಕಟಾವಿನ ದಿನಗಳಲ್ಲಿ ಮನೆಯಲ್ಲಿ ಕೈಗೆ ಆಳು ಸಿಗುವುದಿಲ್ಲ, ಮಗನೋ ಮಗಳೋ ನಾಲ್ಕು ದಿನ ಇರಲಿ ಅನ್ನುತ್ತಾರೆ. ಕೊಪ್ಪಳದ ಗವಿಮಠದ ಜಾತ್ರೆ ಜನವರಿಯಲ್ಲಿ ಬರುತ್ತದೆ. ಆಗ ಹೆಚ್ಚಾಗಿ ಸೆಮಿಸ್ಟರಿನ ಕೊನೆಯೋ ಪರೀಕ್ಷೆಯೋ ಇರುತ್ತದೆ. ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಆ ಆರು ಕ್ಲಾಸುಗಳನ್ನು ಇಂಥ ದಿನಗಳಿಗೇ ಉಳಿಸಿಕೊಳ್ಳಿ, ಸುಮ್ನೆ ಕ್ಯಾಂಟೀನಿನಲ್ಲಿ ಕಳೆಯಬೇಡಿ. ಜ್ವರ ಬಂದು ಮಲಗಿದರೆ ಅದೇ ವಾರ ವೈದ್ಯರ ಪತ್ರ ತಂದು ಕಾಲೇಜಿಗೆ ಕೊಡಿ, ಸೀಲು ಹಾಕಿಸಿದ ಒಂದು ಪ್ರತಿ ನಿಮ್ಮ ಬಳಿ ಇರಲಿ. ಸೆಮಿಸ್ಟರ್ ಕೊನೆಗೆ ತರುವ ಪತ್ರಕ್ಕೆ ಬೆಲೆ ಕಡಿಮೆ.

ಹಂತ 3: ಇಂಟರ್ನಲ್ಸ್ ಮತ್ತು ಪಾಸ್ ಆಗುವ ಅಂಕ

ಒಂದು ವಿಷಯ ಪಾಸ್ ಆಗಬೇಕಾದರೆ ಮೂರು ಷರತ್ತು ಒಟ್ಟಿಗೆ ಈಡೇರಬೇಕು. 2022ರ ಸ್ಕೀಮಿನಲ್ಲಿ ಇಂಟರ್ನಲ್ಸ್‌ಗೆ (ಕಾಲೇಜಿನಲ್ಲೇ ನಡೆಯುವ ಟೆಸ್ಟ್, ಅಸೈನ್‌ಮೆಂಟ್‌ಗಳಿಗೆ) 50, ಸೆಮಿಸ್ಟರ್ ಪರೀಕ್ಷೆಗೆ 50. ಪರೀಕ್ಷೆ 100 ಅಂಕಕ್ಕೆ ನಡೆದು 50ಕ್ಕೆ ಇಳಿಯುತ್ತದೆ. ಇಂಟರ್ನಲ್ಸ್‌ನಲ್ಲಿ ಕನಿಷ್ಠ 20 ಬೇಕು. ಪರೀಕ್ಷೆಯಲ್ಲಿ ಕನಿಷ್ಠ 35 ಶೇಕಡ, ಅಂದರೆ 50ಕ್ಕೆ 18 ಬೇಕು. ಎರಡೂ ಸೇರಿ 40 ಆಗಬೇಕು. 2018ರ ಸ್ಕೀಮಿನವರಿಗೆ ಇಂಟರ್ನಲ್ಸ್ 40, ಪರೀಕ್ಷೆ 60. ಅಲ್ಲಿ ಕನಿಷ್ಠ 16 ಮತ್ತು 21, ಒಟ್ಟು 40.

ಇದನ್ನು ಬಿಡಿಸಿ ನೋಡೋಣ. 2022ರ ಸ್ಕೀಮಿನ ಒಬ್ಬರಿಗೆ ಇಂಟರ್ನಲ್ಸ್‌ನಲ್ಲಿ 20 ಬಂದಿದೆ. ಅವರಿಗೆ ಪರೀಕ್ಷೆಯಲ್ಲಿ 18 ಸಾಕಾಗುವುದಿಲ್ಲ, ಒಟ್ಟು 38 ಆಗುತ್ತದೆ. ಅವರು ಪರೀಕ್ಷೆಯಲ್ಲಿ 100ಕ್ಕೆ 40 ತೆಗೆಯಲೇಬೇಕು. ಇಂಟರ್ನಲ್ಸ್ 22 ದಾಟಿದವರಿಗೆ 100ಕ್ಕೆ 35 ಸಾಕು. ಇಂಟರ್ನಲ್ಸ್ 48 ಬಂದವರಿಗೂ ಅದೇ 35 ಬೇಕು, ಒಂದು ಅಂಕವೂ ಕಡಿಮೆ ಇಲ್ಲ. 'ಇಂಟರ್ನಲ್ಸ್ ಚೆನ್ನಾಗಿದೆ, ಪಾಸ್ ಆಗ್ತೀನಿ ಬಿಡು' ಎಂದು ಕೂತವರು ಫೇಲಾಗುವುದು ಇಲ್ಲೇ.

ಇಂಟರ್ನಲ್ಸ್‌ನಲ್ಲೇ ಕನಿಷ್ಠ ಬರದಿದ್ದರೆ ಪರೀಕ್ಷೆಗೆ ಕೂರುವ ಅರ್ಹತೆಯೇ ಹೋಗುತ್ತದೆ. ಫಲಿತಾಂಶದಲ್ಲಿ 'ಎನ್‌ಇ', ಅಂದರೆ 'ನಾಟ್ ಎಲಿಜಿಬಲ್' ಎಂದು ಬರುತ್ತದೆ. ಇದು ಸಾಮಾನ್ಯ ಫೇಲಿಗಿಂತ ಕೆಟ್ಟದ್ದು. ಸಾಮಾನ್ಯ ಫೇಲ್ ಆದರೆ ಇಂಟರ್ನಲ್ಸ್ ಅಂಕ ಹಾಗೇ ಉಳಿಯುತ್ತದೆ, ಮುಂದಿನ ಸಲ ಪರೀಕ್ಷೆ ಮಾತ್ರ ಬರೆದರೆ ಆಯಿತು. ಎನ್‌ಇ ಆದರೆ ಮೊದಲು ಇಂಟರ್ನಲ್ಸ್ ಸರಿ ಮಾಡಿಕೊಳ್ಳಬೇಕು, ಆಮೇಲೆ ಪರೀಕ್ಷೆ. ಮೊದಲ ಇಂಟರ್ನಲ್ ಟೆಸ್ಟ್ ಕೆಟ್ಟರೆ ಆ ಮೇಷ್ಟ್ರನ್ನೋ ಮೇಡಮ್ಮನ್ನೋ ಅದೇ ವಾರ ಹೋಗಿ ಕಾಣಿ. ಅಸೈನ್‌ಮೆಂಟ್ ಒಂದನ್ನೂ ಬಿಡಬೇಡಿ. ಸುಲಭವಾಗಿ ಸಿಗುವ ಅಂಕ ಅಲ್ಲೇ ಇದೆ.

ಪರೀಕ್ಷೆ ಬಗ್ಗೆ ಒಂದು ಮಾತು. ಪ್ರಶ್ನೆಪತ್ರಿಕೆಯಲ್ಲಿ ಐದು ಮಾಡ್ಯೂಲ್ ಇರುತ್ತವೆ. ಪ್ರತಿ ಮಾಡ್ಯೂಲಿಗೆ 20 ಅಂಕದ ಎರಡು ಪ್ರಶ್ನೆ, ಒಂದಕ್ಕೆ ಉತ್ತರ. ಗಣಿತ ಕಷ್ಟ ಅನ್ನುವವರು ಐದನ್ನೂ ಅರ್ಧಂಬರ್ಧ ಓದುವ ಬದಲು ಮೂರು ಮಾಡ್ಯೂಲ್ ಗಟ್ಟಿ ಮಾಡಿಕೊಳ್ಳಿ. ಮೂರರಲ್ಲೂ 13 ಬಂದರೆ 39. ಉಳಿದ ಎರಡರಲ್ಲಿ ಗೊತ್ತಿರುವ ಸೂತ್ರ, ಚಿತ್ರ, ಮೊದಲ ಹೆಜ್ಜೆಗಳನ್ನಾದರೂ ಬರೆಯಿರಿ. ಖಾಲಿ ಪುಟಕ್ಕೆ ಯಾರೂ ಅಂಕ ಕೊಡಲಾರರು. ಜಾಸ್ತಿ ಅಂಕ ತೆಗೆಯುವವರಿಗೆ ಈ ಸಲಹೆ ಬೇಡ. ಇದು ಫೇಲಾಗುವ ಭಯದಲ್ಲಿ ಇರುವವರಿಗೆ.

ಹಂತ 4: ನಾಲ್ಕರ ಲೆಕ್ಕ

ಇಡೀ ವಿಷಯದ ಜೀವಾಳ ಇದು. ಒಂದೇ ವರ್ಷದೊಳಗೆ, ಅಂದರೆ ಮೊದಲ ಸೆಮಿಸ್ಟರಿನಿಂದ ಎರಡನೆಯದಕ್ಕೆ, ಮೂರರಿಂದ ನಾಲ್ಕಕ್ಕೆ ಹೋಗಲು ಎಷ್ಟು ವಿಷಯ ಫೇಲಾಗಿದೆ ಎಂದು ನೋಡುವುದಿಲ್ಲ. ವರ್ಷ ಬದಲಾಗುವಾಗ ನೋಡುತ್ತಾರೆ. 2018ರ ಸ್ಕೀಮಿನ ನಿಯಮ ಹೀಗಿದೆ. ನಿಮ್ಮ ಸ್ಕೀಮಿನ ಪುಟ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿ.

ಎರಡನೇ ವರ್ಷಕ್ಕೆ ಹೋಗಲು: ಮೊದಲ ವರ್ಷದ ಎರಡು ಸೆಮಿಸ್ಟರ್ ಸೇರಿ ನಾಲ್ಕಕ್ಕಿಂತ ಹೆಚ್ಚು ಎಫ್ ಗ್ರೇಡ್ (ಫೇಲಾದ ವಿಷಯ) ಇರಬಾರದು.

ಮೂರನೇ ವರ್ಷಕ್ಕೆ ಹೋಗಲು: ಮೊದಲ ಮತ್ತು ಎರಡನೇ ವರ್ಷದ ನಾಲ್ಕೂ ಸೆಮಿಸ್ಟರ್ ಸೇರಿ ನಾಲ್ಕಕ್ಕಿಂತ ಹೆಚ್ಚು ಎಫ್ ಇರಬಾರದು.

ನಾಲ್ಕನೇ ವರ್ಷಕ್ಕೆ ಹೋಗಲು: ಎರಡನೇ ಮತ್ತು ಮೂರನೇ ವರ್ಷ ಸೇರಿ ನಾಲ್ಕಕ್ಕಿಂತ ಹೆಚ್ಚು ಎಫ್ ಇರಬಾರದು. ಜೊತೆಗೆ ಮೊದಲ ವರ್ಷದ ಎಲ್ಲಾ ವಿಷಯ ಪಾಸ್ ಆಗಿರಲೇಬೇಕು.

ಓದಲು ಸುಲಭ. ಆದರೆ ಪ್ರತಿ ವರ್ಷಕ್ಕೂ ಹೊಸದಾಗಿ ನಾಲ್ಕು ವಿಷಯ ಬಿಡಬಹುದು ಎಂದು ತುಂಬಾ ಜನ ತಿಳಿದುಕೊಳ್ಳುತ್ತಾರೆ. ಹಾಗಲ್ಲ, ಮೂರನೇ ವರ್ಷಕ್ಕೆ ಹೋಗುವಾಗ ಹಳೆಯದು, ಹೊಸದು ಎರಡೂ ಸೇರಿ ನಾಲ್ಕು. ಒಬ್ಬ ಹುಡುಗನ ಉದಾಹರಣೆ ತೆಗೆದುಕೊಳ್ಳಿ. ಮೊದಲ ವರ್ಷ ಗಣಿತ ಎರಡೂ, ಭೌತಶಾಸ್ತ್ರ, ಪ್ರೋಗ್ರಾಮಿಂಗ್ ಹೀಗೆ ನಾಲ್ಕು ಉಳಿದವು. ಎರಡನೇ ವರ್ಷಕ್ಕೆ ದಾಟಿದ. ಅಲ್ಲಿ ಹಳೆಯದರಲ್ಲಿ ಒಂದು ಮುಗಿಸಿದ, ಹೊಸದಾಗಿ ಎರಡು ಫೇಲಾದವು. ಮೂರಕ್ಕೆ ಎರಡು ಸೇರಿ ಐದು. ಇಯರ್ ಬ್ಯಾಕ್. ಇನ್ನೊಂದು ಹಳೆಯ ವಿಷಯ ಮುಗಿಸಿದ್ದರೆ ನಾಲ್ಕಾಗಿ ದಾಟುತ್ತಿದ್ದ. ಹಾಗಾಗಿ ನಾಲ್ಕು ಹೊತ್ತುಕೊಂಡು ಎರಡನೇ ವರ್ಷಕ್ಕೆ ಬಂದವರು ನೆನಪಿಡಿ: ಹಳೆಯದನ್ನು ಮುಟ್ಟದೇ ಇದ್ದರೆ ಎರಡನೇ ವರ್ಷದಲ್ಲಿ ಒಂದು ವಿಷಯವೂ ಫೇಲಾಗುವಂತಿಲ್ಲ.

ನಾಲ್ಕನೇ ವರ್ಷದ ಷರತ್ತು ಇನ್ನೂ ಬಿಗಿ. ಕುಷ್ಟಗಿ ಕಡೆಯ ಒಬ್ಬ ಹುಡುಗಿಗೆ ಎರಡು, ಮೂರನೇ ವರ್ಷದ ಎಲ್ಲಾ ವಿಷಯ ಪಾಸ್ ಎಂದುಕೊಳ್ಳಿ. ಮೊದಲ ವರ್ಷದ ಗಣಿತ ಒಂದು ಮಾತ್ರ ಬಾಕಿ. ಒಟ್ಟು ಎಫ್ ಒಂದೇ. ಆದರೂ ನಾಲ್ಕನೇ ವರ್ಷಕ್ಕೆ ಹೋಗುವಂತಿಲ್ಲ. ಮೂರು ಎಫ್ ಇರುವ ಅವಳ ಗೆಳತಿ, ಮೊದಲ ವರ್ಷ ಮುಗಿಸಿರುವುದರಿಂದ, ಆರಾಮಾಗಿ ಹೋಗುತ್ತಾಳೆ. ಅನ್ಯಾಯ ಅನ್ನಿಸುತ್ತದೆ ಅಲ್ವಾ? ನಿಯಮ ಇರುವುದೇ ಹಾಗೆ. ಮೊದಲ ವರ್ಷದ ಗಣಿತವನ್ನು ಮುಂದೂಡುತ್ತಾ ಹೋದಷ್ಟೂ ಮರೆತುಹೋಗುತ್ತದೆ, ಪಾಠ ಹೇಳಿದವರು ಬೇರೆ ಕ್ಲಾಸಿಗೆ ಹೋಗಿರುತ್ತಾರೆ, ಜೊತೆಗೆ ಓದಲು ಯಾರೂ ಇರುವುದಿಲ್ಲ. ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇರುವ ಎಲ್ಲರಿಗೂ ನನ್ನ ಗಟ್ಟಿ ಸಲಹೆ ಇದು: ಐದನೇ ಸೆಮಿಸ್ಟರ್ ಶುರುವಾಗುವ ಮೊದಲು ಮೊದಲ ವರ್ಷದ ಖಾತೆ ಪೂರ್ತಿ ಮುಚ್ಚಿ. ಹೊಸ ವಿಷಯದಲ್ಲಿ ನಾಲ್ಕು ಅಂಕ ಕಡಿಮೆ ಬಂದರೂ ಪರವಾಗಿಲ್ಲ.

ಲೆಕ್ಕ ಹಾಕುವಾಗ ಕೆಲವು ಸೂಕ್ಷ್ಮ ಇವೆ. ಪರೀಕ್ಷೆಗೆ ಗೈರಾದ ವಿಷಯ ಪಾಸಾದ ವಿಷಯ ಅಲ್ಲ, ಅದನ್ನೂ ಎಣಿಸಿ. ಎನ್‌ಇ ಆದದ್ದನ್ನೂ ಎಣಿಸಿ. ಕ್ರೆಡಿಟ್ (ವಿಷಯಕ್ಕೆ ಕೊಟ್ಟ ಮೌಲ್ಯದ ಅಂಕಿ) ಕಡಿಮೆ ಎಂದು ಕನ್ನಡವನ್ನೋ ಸಂವಿಧಾನವನ್ನೋ ಹಗುರ ಮಾಡಬೇಡಿ. ಒಂದು ಕ್ರೆಡಿಟ್ಟಿನ ವಿಷಯದ ಎಫ್ ಕೂಡ ನಾಲ್ಕು ಕ್ರೆಡಿಟ್ಟಿನ ಎಫ್‌ನಷ್ಟೇ ತೂಕ, ಎಣಿಕೆಯಲ್ಲಿ ಎರಡೂ ಒಂದೊಂದೇ. ಲ್ಯಾಬ್‌ಗೂ ಇದೇ ಮಾತು.

ಒಂದು ಹಾಳೆಯಲ್ಲಿ ಸೆಮಿಸ್ಟರ್‌ವಾರು ವಿಷಯದ ಕೋಡ್, ಇಂಟರ್ನಲ್ಸ್, ಪರೀಕ್ಷೆಯ ಅಂಕ, ಪಾಸೋ ಫೇಲೋ ಎಂದು ಬರೆದಿಡಿ. ಪ್ರತಿ ಫಲಿತಾಂಶದ ದಿನ ತಿದ್ದಿ. ಮನೆಯವರಿಗೂ ತೋರಿಸಿ. ಅಪ್ಪ, ಅವ್ವನಿಗೆ ವಿಷಯದ ಹೆಸರು ಅರ್ಥ ಆಗದಿದ್ದರೂ 'ನಾಲ್ಕು ದಾಟಬಾರದು' ಅನ್ನುವುದು ಅರ್ಥ ಆಗುತ್ತದೆ. ಕೊನೆಗೆ ಗೊತ್ತಾಗಿ ಆಘಾತ ಆಗುವುದಕ್ಕಿಂತ ಇದು ಎಷ್ಟೋ ವಾಸಿ.

ಹಂತ 5: ಫಲಿತಾಂಶ ಬಂದ ದಿನ ಏನು ಮಾಡಬೇಕು

ಎಣಿಕೆ ಐದಕ್ಕೆ ಬಂದು ನಿಂತಿದ್ದರೆ ಅಳುತ್ತಾ ಕೂರಲು ಸಮಯ ಇಲ್ಲ. ಮರುಮೌಲ್ಯಮಾಪನಕ್ಕೆ, ಉತ್ತರಪತ್ರಿಕೆಯ ಪ್ರತಿಗೆ ಅರ್ಜಿ ಹಾಕಲು ಕೊಡುವ ದಿನಗಳು ಕಡಿಮೆ. ಅರ್ಜಿ ಕಾಲೇಜಿನ ಮೂಲಕ ಹೋಗಬೇಕು. ಎಲ್ಲಾ ವಿಷಯಕ್ಕೂ ದುಡ್ಡು ಕಟ್ಟಬೇಡಿ. ಪಾಸ್ ಅಂಕಕ್ಕೆ ತೀರಾ ಹತ್ತಿರ ಬಂದು ನಿಂತ ವಿಷಯ, ಚೆನ್ನಾಗಿ ಬರೆದೂ ಕಡಿಮೆ ಬಂದ ವಿಷಯ ಆರಿಸಿಕೊಳ್ಳಿ. ಶುಲ್ಕ ಕಟ್ಟಿದ ರಸೀದಿ ಜೋಪಾನ.

ಆ ಫಲಿತಾಂಶ ಬರುವುದರೊಳಗೆ ಮುಂದಿನ ವರ್ಷದ ಕ್ಲಾಸ್ ಶುರುವಾಗಿಬಿಡಬಹುದು. ಅಲ್ಲಿಯವರೆಗೆ ತಾತ್ಕಾಲಿಕವಾಗಿ ಕೂರಿಸುತ್ತಾರಾ, ಹಾಜರಾತಿ ಹಾಕುತ್ತಾರಾ ಎಂದು ಪ್ರಿನ್ಸಿಪಾಲರಿಗೆ ಪತ್ರ ಬರೆದು ಕೇಳಿ. ಬಾಯಿಮಾತಿನ ಭರವಸೆ ನಂಬಿ ಮನೆಯಲ್ಲಿ ಕೂತರೆ, ಪಾಸ್ ಎಂದು ಬಂದ ಮೇಲೂ ಹಾಜರಾತಿ ಹೋಗಿರುತ್ತದೆ.

ವಿಟಿಯು ಕೆಲವೊಮ್ಮೆ ಒಂದು ಸಲದ ರಿಯಾಯಿತಿ ಎಂದು ಸುತ್ತೋಲೆ ಹೊರಡಿಸುತ್ತದೆ. ಬಂದರೆ ಉಪಯೋಗಿಸಿಕೊಳ್ಳಿ. ಬರುತ್ತದೆ ಎಂದು ನಂಬಿ ಓದು ಬಿಡಬೇಡಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಓಡಾಡುವ ಸುತ್ತೋಲೆಯನ್ನು ವಿಟಿಯು ವೆಬ್‌ಸೈಟಿನಲ್ಲಿ ಕಾಣುವವರೆಗೆ ನಂಬಲೇಬೇಡಿ.

ಹಂತ 6: ಇಯರ್ ಬ್ಯಾಕ್ ಆಗಿಯೇ ಹೋದರೆ

ಆ ವರ್ಷ ಬಾಕಿ ವಿಷಯಗಳ ಪರೀಕ್ಷೆ ಬರೆಯಬಹುದು. ಎಣಿಕೆ ನಾಲ್ಕಕ್ಕೆ ಇಳಿದರೆ ಮುಂದಿನ ವರ್ಷದ ಶುರುವಿನಲ್ಲಿ ಮತ್ತೆ ಪ್ರವೇಶ ಪಡೆಯಬೇಕು. ಪರೀಕ್ಷೆ ಅರ್ಜಿಯ ಕೊನೆ ದಿನ ತಪ್ಪಿಸಿಕೊಳ್ಳಬೇಡಿ. ಕಾಲೇಜಿಗೆ ಹೋಗದ ವರ್ಷದಲ್ಲಿ ನೋಟಿಸ್ ಬೋರ್ಡ್ ನೋಡುವವರು ಯಾರೂ ಇರುವುದಿಲ್ಲ. ಕ್ಲಾಸಿನಲ್ಲಿ ಇರುವ ಒಬ್ಬ ಗೆಳೆಯನಿಗೆ ಹೇಳಿಡಿ.

ವಾಪಸ್ ಸೇರುವಾಗ ಸ್ಕೀಮ್ ಬದಲಾಗಿದೆಯಾ ಎಂದು ಕೇಳುವುದು ಮುಖ್ಯ. ಜೂನಿಯರ್‌ಗಳು ಹೊಸ ಸ್ಕೀಮಿನಲ್ಲಿದ್ದರೆ ನಿಮ್ಮನ್ನೂ ಅದಕ್ಕೇ ಸೇರಿಸಬಹುದು. ಆಗ ಯಾವ ಹಳೆಯ ವಿಷಯ ಯಾವ ಹೊಸ ವಿಷಯಕ್ಕೆ ಸಮ, ಯಾವುದನ್ನು ಹೆಚ್ಚಾಗಿ ಓದಬೇಕು ಎಂಬುದನ್ನು ಬರಹದಲ್ಲಿ ಪಡೆಯಿರಿ.

ಹಣದ ಕಡೆಯೂ ಹೊಡೆತ ಇದೆ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿಯಲ್ಲಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಪ್ರತಿ ವರ್ಷ ಅರ್ಜಿ ಹಾಕಬೇಕು, ಅದೇ ವರ್ಷವನ್ನು ಎರಡನೇ ಸಲ ಓದುವವರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಹಾಸ್ಟೆಲ್ ಸೀಟು, ಬಸ್ ಪಾಸ್ ಕೂಡ ಓದುತ್ತಿರುವ ದಾಖಲೆಯ ಮೇಲೇ ನಿಂತಿವೆ. ಮನೆಯವರ ಜೊತೆ ಕೂತು ಆ ವರ್ಷದ ಖರ್ಚು ಮಾತಾಡಿಕೊಳ್ಳಿ. ಒಟ್ಟು ಅವಧಿಗೂ ಮಿತಿ ಇದೆ: ನಾಲ್ಕು ವರ್ಷದ ಕೋರ್ಸನ್ನು ಎಂಟು ವರ್ಷದೊಳಗೆ, ಡಿಪ್ಲೊಮಾದಿಂದ ಬಂದವರು ಆರು ವರ್ಷದೊಳಗೆ ಮುಗಿಸಬೇಕು.

ಒಂದು ವರ್ಷ ಹೋದವರು ಇಂಜಿನಿಯರ್ ಆಗಿ ಒಳ್ಳೆಯ ಕೆಲಸ ಮಾಡುತ್ತಿರುವುದನ್ನು ನಾನು ನೋಡಿದ್ದೇನೆ. ಮನೆಯಲ್ಲಿ ಹಿರಿಯರು ದಯವಿಟ್ಟು ಆ ವರ್ಷ ಮಕ್ಕಳನ್ನು ಚುಚ್ಚಬೇಡಿ. ಅವರಿಗೆ ಆಗ ಬೇಕಾದ್ದು ಓದಲು ಜಾಗ ಮತ್ತು ಧೈರ್ಯ.

ಹಂತ 7: ಡಿಪ್ಲೊಮಾದಿಂದ ನೇರ ಎರಡನೇ ವರ್ಷಕ್ಕೆ

ಪಾಲಿಟೆಕ್ನಿಕ್ ಮುಗಿಸಿದವರಿಗೆ ಮೊದಲ ವರ್ಷ ಬೇಕಿಲ್ಲ, ಮೂರನೇ ಸೆಮಿಸ್ಟರಿಗೇ ಪ್ರವೇಶ. ಡಿಪ್ಲೊಮಾದಲ್ಲಿ ಒಟ್ಟು 45 ಶೇಕಡ ಇರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ 1ರವರಿಗೆ 40. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ ನಡೆಸುವ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು, ರ‍್ಯಾಂಕ್ ಪಡೆದು, ದಾಖಲೆ ಪರಿಶೀಲನೆ ಮುಗಿಸಿ, ಆಪ್ಷನ್ ಎಂಟ್ರಿ (ಬೇಕಾದ ಕಾಲೇಜು, ಬ್ರಾಂಚ್‌ಗಳ ಆಯ್ಕೆ) ಮಾಡಬೇಕು. ಮಂಜೂರಾದ ಸೀಟುಗಳ ಮೇಲೆ 10 ಶೇಕಡ ಹೆಚ್ಚುವರಿ ಸೀಟು ಲ್ಯಾಟರಲ್ ಎಂಟ್ರಿಗೆ (ಹೀಗೆ ನೇರ ಎರಡನೇ ವರ್ಷಕ್ಕೆ ಸೇರುವವರಿಗೆ) ಇರುತ್ತದೆ, ಮೊದಲ ವರ್ಷ ತುಂಬದೆ ಉಳಿದ ಸೀಟುಗಳೂ ಸೇರುತ್ತವೆ. ನಮ್ಮ ಕಡೆಯ ಕಾಲೇಜುಗಳಲ್ಲಿ ಕೆಲವು ಬ್ರಾಂಚ್ ತುಂಬುವುದಿಲ್ಲ. ರ‍್ಯಾಂಕ್ ಕಡಿಮೆ ಎಂದು ಆಸೆ ಬಿಡದೆ ಆಪ್ಷನ್‌ಗಳನ್ನು ಧಾರಾಳವಾಗಿ ಕೊಡಿ.

ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ. ನಮ್ಮ ಭಾಗದ ಕಾಲೇಜುಗಳಲ್ಲಿ 70 ಶೇಕಡ, ರಾಜ್ಯದ ಉಳಿದ ಕಡೆ 8 ಶೇಕಡ ಸೀಟು ನಮ್ಮವರಿಗೆ. ಅದಕ್ಕೆ ಉಪವಿಭಾಗಾಧಿಕಾರಿ ಕಚೇರಿಯಿಂದ ಅರ್ಹತಾ ಪತ್ರ ತರಬೇಕು. ಫಲಿತಾಂಶಕ್ಕೆ ಕಾಯದೆ ಮೊದಲೇ ಮಾಡಿಸಿಡಿ, ಆ ಸಮಯದಲ್ಲಿ ಕಚೇರಿ ಮುಂದೆ ಸಾಲು ದೊಡ್ಡದಿರುತ್ತದೆ. ಜಾತಿ, ಆದಾಯ ಪತ್ರದ ಆರ್‌ಡಿ ಸಂಖ್ಯೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಡಿಪ್ಲೊಮಾದ ಎಲ್ಲಾ ಸೆಮಿಸ್ಟರಿನ ಅಂಕಪಟ್ಟಿ, ವ್ಯಾಸಂಗ ಪತ್ರ ಒಂದೇ ಫೈಲಿನಲ್ಲಿ ಇರಲಿ. ಆದರೆ ಒಂದು ತಿಳಿದಿರಲಿ: 371ಜೆ ಸೀಟು ಸಿಗುವವರೆಗೆ ಮಾತ್ರ. ಮುಂದಿನ ವರ್ಷಕ್ಕೆ ಹೋಗುವ ನಾಲ್ಕರ ಲೆಕ್ಕದಲ್ಲಿ ಯಾರಿಗೂ ವಿನಾಯಿತಿ ಇಲ್ಲ.

ಲ್ಯಾಟರಲ್ ಎಂಟ್ರಿಯವರಿಗೆ ಲೆಕ್ಕ ಎರಡನೇ ವರ್ಷದಿಂದ ಶುರು. ಮೂರನೇ ವರ್ಷಕ್ಕೆ ಹೋಗಲು ಎರಡನೇ ವರ್ಷದಲ್ಲಿ ನಾಲ್ಕು ಎಫ್ ಮೀರಬಾರದು, ನಾಲ್ಕನೇ ವರ್ಷಕ್ಕೆ ಎರಡು ಮತ್ತು ಮೂರನೇ ವರ್ಷ ಸೇರಿ ನಾಲ್ಕು. 2018 ಮತ್ತು 2021ರ ಸ್ಕೀಮಿನಲ್ಲಿ ಇವರಿಗೆ ಹೆಚ್ಚುವರಿ ಗಣಿತದ ಎರಡು ವಿಷಯ ಇವೆ. ಅವಕ್ಕೆ ಕ್ರೆಡಿಟ್ ಇಲ್ಲ. 2018ರ ನಿಯಮದ ಪ್ರಕಾರ ಮುಂದಿನ ವರ್ಷಕ್ಕೆ ಹೋಗುವಾಗ ಅವನ್ನು ಎಣಿಸುವುದೂ ಇಲ್ಲ. ಆದರೆ ಪಾಸಾಗದೆ ಡಿಗ್ರಿ ಕೊಡುವುದಿಲ್ಲ. ಮೂರನೇ ಸೆಮಿಸ್ಟರ್ ಇವರಿಗೆ ತುಂಬಾ ಕಷ್ಟ. ಕ್ಲಾಸಿನ ಉಳಿದವರು ಒಂದು ವರ್ಷದ ಗಣಿತ ಓದಿ ಬಂದಿರುತ್ತಾರೆ. ಸೇರುವುದಕ್ಕೆ ಮುಂಚಿನ ರಜೆಯಲ್ಲೇ ಕ್ಯಾಲ್ಕುಲಸ್ ಹಿಡಿದು ಕೂರಿ.

ಹಂತ 8: ಎಣಿಕೆಗೆ ಬಾರದ, ಆದರೆ ಡಿಗ್ರಿ ನಿಲ್ಲಿಸುವ ಕೆಲಸಗಳು

ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ಆಕ್ಟಿವಿಟಿ ಪಾಯಿಂಟ್ ಎಂದು ಇದೆ, ಊರಿಗೆ ಉಪಯೋಗವಾಗುವ ಕೆಲಸ ಮಾಡಿ ಗಳಿಸುವ ಅಂಕ ಇದು. ನಾಲ್ಕು ವರ್ಷದವರಿಗೆ 100, ಡಿಪ್ಲೊಮಾದಿಂದ ಬಂದವರಿಗೆ 75. ಇದು ಮುಂದಿನ ವರ್ಷಕ್ಕೆ ಹೋಗುವುದನ್ನು ತಡೆಯುವುದಿಲ್ಲ, ಸಿಜಿಪಿಎಗೂ (ಎಲ್ಲಾ ಸೆಮಿಸ್ಟರಿನ ಒಟ್ಟು ಸರಾಸರಿಗೂ) ಸೇರುವುದಿಲ್ಲ. ಹಾಗಾಗಿಯೇ ಎಲ್ಲರೂ ಮರೆಯುತ್ತಾರೆ. ಕೊನೆಯ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್, ಇಂಟರ್ನ್‌ಶಿಪ್, ಕೆಲಸದ ಸಂದರ್ಶನ ಒಟ್ಟಿಗೆ ಬಂದಾಗ ಇದಕ್ಕೆ ಓಡಾಡಬೇಕಾಗುತ್ತದೆ. ನಿಮ್ಮೂರಿನ ಕೆರೆ, ಶಾಲೆ, ಕುಡಿಯುವ ನೀರಿನ ಕೆಲಸದಲ್ಲೇ ಇದನ್ನು ಮಾಡಬಹುದು. ದಸರಾ, ಬೇಸಿಗೆ ರಜೆಯಲ್ಲಿ ಊರಿಗೆ ಬಂದಾಗ ಪಂಚಾಯ್ತಿಯವರ ಜೊತೆ ಮಾತಾಡಿ, ಫೋಟೊ, ವರದಿ ಮಾಡಿಟ್ಟುಕೊಳ್ಳಿ. ಶುರು ಮಾಡುವ ಮೊದಲು ಮೆಂಟರ್ ಕೈಯಲ್ಲಿ ಒಪ್ಪಿಗೆ ಹಾಕಿಸಿ, ಮುಗಿದ ಮೇಲೆ ಅವರ ಸಹಿ ಬಿದ್ದಿದೆಯಾ ನೋಡಿ.